ನಡುಹೊಳೆಯಲ್ಲಿ ಹೊದಿಸಿದ ಶಾಲು

ಡಾಕ್ಟರ್ ವಿಶ್ವಪ್ರಿಯ ಅವರ ಪುಸ್ತಕ ಕಳೆದ ತಿಂಗಳು ಹೊರಬಂತು. ಹೆಸರು ‘ಬ್ಯಾಲಡ್: ಒಂದು ಪದದ ವಂಶಾವಳಿ’. ಕಥೆಯನ್ನು ಹಾಡು ಮಾಡಿ ಹೇಳುವುದಕ್ಕೆ ಇಂಗ್ಲಿಷಿನವರು ಬ್ಯಾಲಡ್ ಅನ್ನುತ್ತಾರೆ. ಆ ಒಂದು ಪದ ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಯಾವ ಹೊಸ್ತಿಲು ದಾಟಿ ಇಂಗ್ಲೆಂಡಿಗೆ ಬಂತು ಎಂಬುದಕ್ಕೆ ಇನ್ನೂರ ನಲವತ್ತು ಪುಟ. ಒಳ್ಳೆಯ ಕಾಗದ. ಹಿಂದಿನ ರಟ್ಟಿನ ಮೇಲೆ ಅವರ ಫೋಟೊ, ಗಲ್ಲಕ್ಕೆ ಕೈ ಕೊಟ್ಟುಕೊಂಡು, ಹಲ್ಲುನೋವು ಬಂದವರ ಹಾಗೆ. ಕೊನೆಗೆ ‘ಸ್ಥಳೀಯ ಉದಾಹರಣೆ’ ಅಂತ ಕೆಂಚನಗುಡ್ಡದ ಹೊಳೆಯ ಹಾಡನ್ನು ಅಚ್ಚು ಹಾಕಿದ್ದಾರೆ. ಅದೂ ಪೂರ್ತಿ ಇಲ್ಲ. ಹಾಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಶಬ್ದ: ‘ಮೂಲ: ಅಜ್ಞಾತ.’

ಅಜ್ಞಾತ ಏನಲ್ಲ. ನನಗೆ ಗೊತ್ತು. ಅವರಿಗೂ ಗೊತ್ತು. ಬಳ್ಳಾರಿಯ ಅವರ ಕಾಲೇಜಿನ ಸಭಾಂಗಣದ ಗೋಡೆಗೆ ಸಹ ಗೊತ್ತು, ಯಾಕೆಂದರೆ ಮೈಕಿನಲ್ಲಿ ಹೇಳಿದ್ದು ಅದಕ್ಕೆ ಬಡಿದು ವಾಪಸು ಬಂದಿತ್ತು.

ನಾನು ಮಾತಿನ ಮನುಷ್ಯನಲ್ಲ. ಸಿರುಗುಪ್ಪದಲ್ಲಿ ನಮ್ಮ ತಾಯಿ ಸೀತಾಬಾಯಿ ಬೆಳಗಿನ ಜಾವ ಒಲೆ ಮುಂದೆ ಕೂತು ದೇವರ ಪದ ಹೇಳುವಾಗ, ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಕೇಳಿ ಬೆಳೆದವನು. ಪದ ಮುಗಿಯುವ ಮೊದಲು ಮಗ್ಗುಲು ಬದಲಿಸಬಾರದು ಅಂತ ಅವಳ ಕಟ್ಟಪ್ಪಣೆ. ಆ ಅಭ್ಯಾಸ ಅರವತ್ತೆಂಟಾದರೂ ಹೋಗಿಲ್ಲ. ಯಾರು ಹಾಡಿದರೂ ಮುಗಿಯುವವರೆಗೆ ಕೂಡುತ್ತೇನೆ. ಕುರುಗೋಡಿನಲ್ಲಿ ಗುಮಾಸ್ತನಾಗಿದ್ದ ಹನ್ನೊಂದು ವರ್ಷ, ಸೋಮವಾರ ಸಂಜೆ ಬಳ್ಳಾರಿ ಬಸ್ಸು ಬಿಟ್ಟುಕೊಟ್ಟು ಬಸವೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತದ್ದು ಅದಕ್ಕೇ. ಅಲ್ಲಿ ಚನ್ನವೀರಮ್ಮ ಹಾಡುತ್ತಿದ್ದಳು.

ಮೊದಲ ದಿನವೇ ಕೇಳಿದ್ದಳು: “ಯಾರ ಮಗನಪ್ಪಾ ನೀನು?”

“ಸಿರುಗುಪ್ಪದ ಕೃಷ್ಣಾಚಾರ್ರ ಮಗ.”

“ಅಪ್ಪನ್ನ ಯಾರು ಕೇಳಿದ್ರು? ಅವ್ವ ಯಾರು?”

“ಸೀತಾಬಾಯಿ.”

“ಹಂಗ ಹೇಳು,” ಅಂದು ಹಾಡು ಎತ್ತಿದಳು.

ಅವಳ ಬಳಿ ಹಾಡು ಎತ್ತುವುದು, ಇಳಿಸುವುದು ಅಂತ ಎರಡಿದ್ದವು. ತಲೆಯ ಮೇಲಿನ ಕೊಡ ಇದ್ದ ಹಾಗೆ. ಎತ್ತಿದ ಮೇಲೆ ಇಳಿಸಬೇಕು. ಎತ್ತಿದ ಜಾಗದಲ್ಲೇ ಇಳಿಸಬೇಕು. ಇಳಿಸುವವರೆಗೆ ಬಾಯಿಗೆ ನೀರು ಹಾಕುವಂತಿಲ್ಲ. ಇಳಿಸುವುದು ಅಂದರೆ ಕಥೆ ಮುಗಿಸುವುದಷ್ಟೇ ಅಲ್ಲ; ಕಥೆ ಮುಗಿದ ಮೇಲೆ, ಈ ಹಾಡು ತನಗೆ ಕೊಟ್ಟವಳು ಯಾರು, ಅವಳಿಗೆ ಕೊಟ್ಟವಳು ಯಾರು ಅಂತ ಒಬ್ಬೊಬ್ಬಳ ಹೆಸರು ಊರು ಹಿಡಿದು ಹೇಳಬೇಕು. ಅದಾದ ಮೇಲೆ, ಕೊನೆತನಕ ಕೇಳಿದವರ ಹೆಸರು. ಆಗ ನೀರು.

ಹೊಳೆಯ ಹಾಡನ್ನು ಅವಳಿಗೆ ಕೊಟ್ಟವಳು ಕೆಂಚನಗುಡ್ಡದ ನೀಲಾವತಿ, ಹೊಳೆ ದಾಟಿಸಲು ಹರಗೋಲು ಹಾಕುವವನ ಹೆಂಡತಿ. ಇಬ್ಬರೂ ರಾರಾವಿಯ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದಾಗ, ಬಗ್ಗಿದ ಬೆನ್ನಲ್ಲೇ ಕೊಟ್ಟದ್ದು. ನೀಲಾವತಿಗೆ ಮಕ್ಕಳಿಲ್ಲ. ಮನೆ ಹೊಳೆ ಪಾಲಾಯಿತು. ಅವಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇರುವುದು ಆ ಹಾಡು ಇಳಿಸುವ ಸಾಲಿನಲ್ಲಿ ಮಾತ್ರ. ಸಾಯುವ ಮುಂಚೆ ಚನ್ನವೀರಮ್ಮನ ಕೈ ಹಿಡಿದು ಕೇಳಿದ್ದಳಂತೆ, “ಬಳ್ಳಾರಿ ಅಂತೂ ನಾ ನೋಡ್ಲಿಲ್ಲ. ನನ್ನ ಹೆಸರಾದ್ರೂ ಒಂದಿನ ಅಲ್ಲಿ ಮುಟ್ಟಿಸು.”

ನಲವತ್ತು ವರ್ಷದ ಈ ಬಾಕಿಯನ್ನು ತೀರಿಸುವ ಅವಕಾಶ ಒದಗಿಸಿಕೊಟ್ಟವನು ನಾನು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ವಿಶ್ವಪ್ರಿಯ ನನ್ನ ಹೆಂಡತಿ ಶ್ರೀವಾಣಿಯ ಕಡೆ ಸಂಬಂಧಿ, ಇಂಗ್ಲಿಷ್ ಪ್ರಾಧ್ಯಾಪಕ. ನನಗೆ ಮಾವ ಅನ್ನುತ್ತಾನೆ. ಏಪ್ರಿಲ್ ಕೊನೆಗೆ ತನ್ನ ಕಾಲೇಜಿನಲ್ಲಿ ನಮ್ಮ ಸಾಹಿತ್ಯ ಸಂಘದ ಜೊತೆ ಸೇರಿ ವಿಚಾರ ಸಂಕಿರಣ ಇಟ್ಟುಕೊಂಡ. ಮನೆಗೆ ಬಂದು, ಕಾಫಿ ಹೀರುತ್ತಾ, “ಮಾವ, ಥಿಯರಿ ಎಲ್ಲಾ ನನ್ನ ಕಡೆ ಅದ. ಒಂದು ಜೀವಂತ ಸ್ಯಾಂಪಲ್ ಬೇಕು. ನಿಮ್ಮ ಕುರುಗೋಡಿನ ಮುದುಕಿ ಇನ್ನೂ ಇದ್ದಾಳೇನು?” ಅಂದ.

ಕುರುಗೋಡಿಗೆ ಹೋಗಿ ಕೇಳಿದೆ. ಚನ್ನವೀರಮ್ಮ ಒಲ್ಲೆ ಅಂದಳು. ಮೊಣಕಾಲು ನೋವು, ಬಿಸಿಲು, ಬಸ್ಸು. ಆಮೇಲೆ, “ಮೈಕು ಇರ್ತೈತೇನು?” ಅಂತ ಕೇಳಿದಳು.

“ಇರ್ತದ.”

“ನೀಲಾವತಿ ಹೆಸರು ಅದರಾಗ ಬರ್ತೈತೇನು?”

ನಾನು ಅಲ್ಲಿಂದಲೇ ವಿಶ್ವಪ್ರಿಯನಿಗೆ ಫೋನು ಹಚ್ಚಿ, ಅವಳಿಗೂ ಕೇಳುವ ಹಾಗೆ ಹಿಡಿದೆ. “ಬರ್ತದ ಮಾವ, ಎಲ್ಲಾ ಬರ್ತದ, ಎಲ್ಲಾ ಬರ್ತದ,” ಅಂದ. ಹಿಂದೆ ಯಾರೋ ನಗುತ್ತಿದ್ದರು. ಅದು ಕೇಳಿಯೂ ನಾನು ಫೋನು ಇಟ್ಟು, “ಕೇಳಿದ್ರಲ್ಲ?” ಅಂದೆ. ಅವಳು ಕೇಳಿದ್ದಳು. ಆ ದಿನ ಕಪಾಟಿನಲ್ಲಿ ಎತ್ತಿಟ್ಟಿದ್ದ ಸೀರೆ ಉಟ್ಟು, ಹಣೆಗೆ ವಿಭೂತಿ ಬಳಿದು, ಆರೂವರೆಗೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ಸಭೆ ಹತ್ತೂವರೆಗೆ ಅಂತ ಹಾಕಿ ಹನ್ನೊಂದೂಕಾಲಿಗೆ ಶುರುಮಾಡಿದರು. ಪ್ರಿನ್ಸಿಪಾಲ್ ಗಾದಿಲಿಂಗಪ್ಪನವರು ದೀಪ ಹಚ್ಚಿ, ತಾವು ಮಾತಾಡುವುದಿಲ್ಲ ಅಂತ ಇಪ್ಪತ್ತು ನಿಮಿಷ ಹೇಳಿದರು. ಆಮೇಲೆ ವಿಶ್ವಪ್ರಿಯ ಎದ್ದ.

ಪಾಠ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಪರದೆಯ ಮೇಲೆ ಒಂದು ಮರದ ಚಿತ್ರ. ಬ್ಯಾಲಡ್ ಎಂಬ ಇಂಗ್ಲಿಷ್ ಪದದ ತಾಯಿ ಹಳೆಯ ಫ್ರೆಂಚ್ ‘ಬಲಾದ್’. ಅದರ ತಾಯಿ ಫ್ರಾನ್ಸಿನ ದಕ್ಷಿಣದ ಪ್ರೊವೆನ್ಸಾಲ್ ಭಾಷೆಯ ‘ಬಲಾದಾ’, ಅಂದರೆ ಕುಣಿಯುತ್ತಾ ಹಾಡುವ ಹಾಡು. ಅದರ ತಾಯಿ ಲ್ಯಾಟಿನ್ನಿನ ‘ಬಲ್ಲಾರೆ’, ಕುಣಿಯುವುದು. ಅದರಾಚೆ ಗ್ರೀಕಿನಲ್ಲಿ ಒಂದು ಅಜ್ಜಿ ಇರಬಹುದು ಅಂತ ಪಂಡಿತರ ಊಹೆ. ಬ್ಯಾಲೆ ಅಂತ ಕುಣಿಯುತ್ತಾರಲ್ಲ, ಅದು ಇದರ ತಂಗಿ. ನಮ್ಮ ಮನೆಗಳಲ್ಲಿ ಮುಂಜಿ ಆದ ಹುಡುಗ ಹಿರಿಯರ ಮುಂದೆ ಕಿವಿ ಹಿಡಿದು ಗೋತ್ರ ಪ್ರವರ ಒಪ್ಪಿಸುತ್ತಾನಲ್ಲ, ಹಾಗೆ ಒಂದೇ ಉಸಿರಿಗೆ ಒಪ್ಪಿಸಿದ. ಒಂದು ತಲೆಮಾರೂ ಬಿಡಲಿಲ್ಲ. ಗ್ರೀಕಿನ ಅಜ್ಜಿ ಖಚಿತವಿಲ್ಲ ಎಂಬುದಕ್ಕೆ ಅವನ ಮುಖ ಎಷ್ಟು ಬಾಡಿತು ಅಂದರೆ, ಯಾರಾದರೂ ಹೋಗಿ ಸಂತೈಸಬೇಕು ಅನ್ನಿಸುವಂತಿತ್ತು.

“ಒಟ್ಟಿನಲ್ಲಿ,” ಅಂದ, “ಬ್ಯಾಲಡ್ಡಿನ ರಕ್ತದೊಳಗೇ ನೃತ್ಯ ಅದ. ಹೆಜ್ಜೆ ಇಲ್ಲದ ಬ್ಯಾಲಡ್ ಇಲ್ಲ. ಈಗ ಒಂದು ಪ್ರಾತ್ಯಕ್ಷಿಕೆ.”

ಚನ್ನವೀರಮ್ಮ ವೇದಿಕೆ ಹತ್ತಿದಳು. ಹೊಳೆಯ ಹಾಡಿಗೆ ಹೆಜ್ಜೆ ಉಂಟು. ಬಲಗಾಲು ಮುಂದೆ, ಎಡಗಾಲು ಸುತ್ತಿ, ಹರಗೋಲು ತಿರುಗಿದ ಹಾಗೆ ಸಣ್ಣದೊಂದು ಸುತ್ತು. ಮೊಣಕಾಲು ನೋವಿನಲ್ಲೂ ಮೊದಲ ಸುತ್ತು ಹಾಕಿದಳು. ವಿಶ್ವಪ್ರಿಯ ಓಡಿ ಬಂದ.

“ಅಜ್ಜಿ, ಅಜ್ಜಿ, ಅಲುಗಾಡಬ್ಯಾಡ್ರಿ. ರೆಕಾರ್ಡಿಂಗ್ ಕೆಡ್ತದ. ಕಂಬದಂಗ ನಿಂತು ಹಾಡ್ರಿ.”

ಸಭೆಯಲ್ಲಿ ಯಾರೂ ನಗಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದವರೇ ನಲವತ್ತು ಜನ ಇದ್ದರು. ನಗುವುದಕ್ಕೂ ಒಂದು ಟಿಪ್ಪಣಿ ಬೇಕಿತ್ತೋ ಏನೋ.

ಅವಳು ಕಂಬದ ಹಾಗೆ ನಿಂತು ಹಾಡಿದಳು.

ಕಥೆ ಇಷ್ಟೇ. ಹಸಿ ಬಾಣಂತಿಯೊಬ್ಬಳು ಕೂಸು ಕಟ್ಟಿಕೊಂಡು ತವರಿಗೆ ಹೊರಟಿದ್ದಾಳೆ. ಹೊಳೆ ತುಂಬಿದೆ. ಹರಗೋಲು ನಡುನೀರಿಗೆ ಬಂದು ನಿಂತುಬಿಡುತ್ತದೆ, ಮುಂದೆಯೂ ಹೋಗದು, ಹಿಂದೆಯೂ ಹೋಗದು. ಹೊಳೆ ಬಾಯಿಬಿಟ್ಟು ಕೇಳುತ್ತದೆ:

ಮುಂದ ನೋಡಿದರ ನೀರ, ಹಿಂದ ನೋಡಿದರ ನೀರ
ನಡುವ ನಿಂತಾಳ ಹಸಿಮೈಯಾಕಿ |
ಹೊಳಿಯವ್ವ ಕೇಳ್ಯಾಳ, ಯಾರ ಮಗಳ ನೀನು?

ಇದಕ್ಕೆ ಬಾಣಂತಿ ಉತ್ತರ ಕೊಡಬೇಕು. ತನ್ನವ್ವ ಯಾರು, ಅವ್ವನ ಅವ್ವ ಯಾರು ಅಂತ ಹೇಳುತ್ತಾ ಹೋದ ಹಾಗೆ ಒಂದೊಂದು ಹೆಸರಿಗೆ ಒಂದೊಂದು ಮಾರು ಹರಗೋಲು ಸರಿಯುತ್ತದೆ. ದಂಡೆ ಮುಟ್ಟಿದ ಮೇಲೆ ಹಾಡುವವಳು ತನ್ನ ಸಾಲಿನ ಹೆಸರು ಹೇಳುತ್ತಾಳೆ. ಅದು ಗೊತ್ತಿದ್ದ ನಾನು ಮುಂದಕ್ಕೆ ಬಾಗಿ ಕೂತಿದ್ದೆ. “ಯಾರ ಮಗಳ ನೀನು” ಅಂತ ಅವಳು ಎರಡನೇ ಸಲ ಎಳೆಯುತ್ತಿದ್ದಾಗ ಹಿಂದಿನಿಂದ ಅವಳ ಹೆಗಲ ಮೇಲೆ ಶಾಲು ಬಿತ್ತು.

ನಮ್ಮ ಸಭೆಗಳಲ್ಲಿ ಒಬ್ಬರ ಬಾಯಿ ಮುಚ್ಚಿಸುವುದಕ್ಕೆ ಇರುವ ಅತ್ಯಂತ ಗೌರವದ ಉಪಾಯ ಇದು. ನಿಲ್ಲಿಸಿರಿ ಅಂದರೆ ಅವಮಾನ. ಶಾಲು ಹೊದಿಸಿದರೆ ಸನ್ಮಾನ. ಎಡಗೈಗೆ ಹಣ್ಣಿನ ಬುಟ್ಟಿ, ಬಲಗೈಗೆ ಫಲಕ, ತಲೆಗೆ ಪೇಟ. ಮನುಷ್ಯ ಏನು ಮಾಡಬೇಕು? ಚಪ್ಪಾಳೆ ಬಿದ್ದವು. ಚನ್ನವೀರಮ್ಮನ ಬಾಯಿ ತೆರೆದೇ ಇತ್ತು. ಆ ಫೋಟೊ ಮರುದಿನ ಪತ್ರಿಕೆಯಲ್ಲಿ ಬಂತು.

“ಊಟಕ್ಕೆ ಬಿಡುವು,” ಅಂತ ಮೈಕು ಹೇಳಿತು.

ಬಳ್ಳಾರಿಯ ಏಪ್ರಿಲ್ ಬಿಸಿಲು. ಅವಳು ಊಟದ ಸಾಲಿಗೆ ಬರಲಿಲ್ಲ. ಸಭಾಂಗಣದ ಹೊರಗೆ ಬೇವಿನ ಗಿಡದ ಕೆಳಗೆ ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಸಭಾಂಗಣದ ಕಸ ಗುಡಿಸುವ ನಾಗಲಕ್ಷ್ಮಿ ಒಂದು ಲೋಟ ನೀರು ತಂದಳು. ಬೆಳಗಿನಿಂದ ಬಾಗಿಲ ಬಳಿ ಪೊರಕೆ ಹಿಡಿದು ನಿಂತೇ ಹಾಡು ಕೇಳಿದ್ದಳು.

“ಒಲ್ಲೆ ತಾಯಿ. ಹಾಡು ತಲಿಮ್ಯಾಲ ಐತಿ.”

“ಇಲ್ಲೇ ಗಿಡದ ಬುಡಕ ಇಳಿಸಿಬಿಡಬೇ. ನಾ ಕೇಳ್ತೀನಿ.”

“ಎತ್ತಿದ್ದು ಅಲ್ಲಿ. ಅಲ್ಲೇ ಇಳಿಸಬೇಕು.” ತುಟಿ ಒಣಗಿ ಮಾತು ಅಂಟುತ್ತಿತ್ತು. “ಗಿಡದ ಬುಡಕ ನೀಲಾವತಿ ಬಾಳ ಹಾಡ್ಯಾಳ. ಆಕಿಗೆ ಬೇಕಿದ್ದುದು ಬಳ್ಳಾರಿ ಮೈಕು.” ಆಮೇಲೆ ನನ್ನ ಕಡೆ ತಿರುಗಿದಳು. “ನೀನೇ ಕರಕೊಂಡು ಬಂದಿ ಸಂಕರ್ಷಣ. ಬಾಣಂತಿನ್ನ ನಡುಹೊಳ್ಯಾಗ ಬಿಟ್ಟು ನಾ ಬಸ್ ಹತ್ತಲ್ಲ.”

ವಯಸ್ಸು ಎಪ್ಪತ್ತಾರು. ಹೊರಗೆ ನಲವತ್ತೆರಡು ಡಿಗ್ರಿ. ನಾನು ಒಳಗೆ ಹೋದೆ.

ವಿಶ್ವಪ್ರಿಯ ತಟ್ಟೆಯಲ್ಲಿ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಹೇಳಿದೆ. ಐದು ನಿಮಿಷ ಸಾಕು, ಊಟ ಆದ ತಕ್ಷಣ ಕೊಡು, ಹೆಸರು ಬರುವುದು ಕೊನೆಗೆ, ನೀನು ಮಾತು ಕೊಟ್ಟಿದ್ದೆ.

“ಅದೇ ಮಾವ ಸಮಸ್ಯೆ,” ಅಂದ. “ಆ ಹೆಸರಿನ ಭಾಗ. ಅದು ಬ್ಯಾಲಡ್ ಅಲ್ಲ.”

“ಅಂದ್ರ?”

“ಬ್ಯಾಲಡ್ಡಿನ ಮೊದಲ ಲಕ್ಷಣ ಏನು? ಕರ್ತೃ ಅಜ್ಞಾತ. ಹಾಡು ಸಮುದಾಯದ್ದು, ಯಾರದೂ ಅಲ್ಲ. ಅಲ್ಲಿ ಬಂದು ಈಕಿ ನೀಲಾವತಿ ಕೊಟ್ಟಳು, ಇನ್ನೊಬ್ಬಳು ಕೊಟ್ಟಳು ಅಂತ ಪಟ್ಟಿ ಓದಿದ್ರ ನನ್ನ ಪ್ರಬಂಧ ಏನಾಗಬೇಕು? ಅದಕ್ಕೇ ಸರಿಯಾದ ಜಾಗದಾಗ ಶಾಲು ಹಾಕಿಸಿದೆ.” ಹೋಳಿಗೆ ಮುರಿದ. “ನೀವು ಭಾವುಕ ಆಗಬ್ಯಾಡ್ರಿ. ಊಟ ಮಾಡ್ರಿ.”

ಆಗ ಅರ್ಥವಾಯಿತು. ಊಟದ ಅವಸರದಲ್ಲಿ ಆದ ತಪ್ಪಲ್ಲ ಅದು. ಏಳು ಸಮುದ್ರದ ಆಚೆಯ ಒಂದು ಶಬ್ದಕ್ಕೆ ಅವ್ವ, ಅಜ್ಜಿ, ಮುತ್ತಜ್ಜಿ, ಕುಣಿಯುವ ತಂಗಿ ಎಲ್ಲರೂ ಇರಬೇಕು. ಇಲ್ಲಿಂದ ಬಸ್ಸಿನ ದಾರಿಯಲ್ಲಿರುವ ಒಂದು ಹಾಡಿಗೆ ಮಾತ್ರ ಯಾರೂ ಇರಬಾರದು. ಇದ್ದರೆ ಪದಕ್ಕೆ ಮೈಲಿಗೆ. ಹುಟ್ಟಾ ಅನಾಥವಾದದ್ದನ್ನು ಕನಿಕರದಿಂದ ನೋಡುವ ಜನ ನೋಡಿದ್ದೆ. ತಾಯಿ ಇರುವುದನ್ನು ಅನಾಥ ಮಾಡಿ, ಆಮೇಲೆ ಅದರ ಅನಾಥತನದ ಬಗ್ಗೆ ಡಾಕ್ಟರೇಟು ಪಡೆಯುವವರನ್ನು ಅವತ್ತು ನೋಡಿದೆ. ಅದೂ ನಮ್ಮ ಮನೆಯವನೇ. ಮುಂಜಿಯಲ್ಲಿ ಅವನಿಗೆ ಪ್ರವರ ಬರದೆ ತಡವರಿಸಿದಾಗ ಕಿವಿಯಲ್ಲಿ ಹೇಳಿಕೊಟ್ಟವನು ನಾನೇ.

ನಾನು ಊಟ ಮಾಡಲಿಲ್ಲ. ಅದೇನು ದೊಡ್ಡ ಸಂಗತಿಯಲ್ಲ, ಏಕಾದಶಿ ಹಿಡಿಯುವವನಿಗೆ ಒಂದು ಹೊತ್ತು ಲೆಕ್ಕಕ್ಕಿಲ್ಲ. ಗಿಡದ ಬುಡಕ್ಕೆ ಹೋಗಿ ಅವಳ ಪಕ್ಕ ಕೂತೆ. ನಾಗಲಕ್ಷ್ಮಿ ಒದ್ದೆ ಬಟ್ಟೆ ತಂದು ಅವಳ ಪಾದಕ್ಕೆ ಸುತ್ತಿದಳು. ಮಧ್ಯಾಹ್ನ ಒಳಗೆ ಮೂರು ಪ್ರಬಂಧಗಳು ಓದಿಸಿಕೊಂಡವು. ಕಿಟಕಿಯಿಂದ ‘ಮೌಖಿಕತೆ’, ‘ಜೀವಂತ ಪರಂಪರೆ’ ಅಂತ ತೇಲಿ ಬರುತ್ತಿದ್ದವು. ಜೀವಂತ ಪರಂಪರೆ ಹೊರಗೆ ಕಣ್ಣು ಮುಚ್ಚಿಕೊಂಡು ಗಿಡಕ್ಕೆ ಒರಗಿತ್ತು.

ಮೂರೂವರೆಗೆ ನನಗೆ ಕರೆ ಬಂತು. ಸಮಾರೋಪ, ಬರ್ರಿ, ವಂದನಾರ್ಪಣೆ ನಿಮ್ಮದು ಅಂತ.

ಸಂಘದಲ್ಲಿ ವಂದನಾರ್ಪಣೆಗೆ ನನ್ನನ್ನು ಹಾಕುವುದು ಇಪ್ಪತ್ತು ವರ್ಷದ ರೂಢಿ. ಅದರಲ್ಲಿ ಸ್ವಂತದ್ದೊಂದು ಮಾತು ಇರುವುದಿಲ್ಲ, ಅದಕ್ಕೇ. ಕೊಟ್ಟ ಚೀಟಿ ಓದುತ್ತೇನೆ. ಅಧ್ಯಕ್ಷರು, ಅತಿಥಿಗಳು, ಪೆಂಡಾಲು ಹಾಕಿದವರು, ಮೈಕಿನವರು, ಅಡಿಗೆಯವರು, ಪತ್ರಿಕೆಯವರು. ಒಂದು ಹೆಸರು ಬಿಟ್ಟರೆ ಆರು ತಿಂಗಳ ಮುನಿಸು. ಮಧ್ಯೆ ಯಾರೂ ಏಳುವುದಿಲ್ಲ, ಯಾಕೆಂದರೆ ಎಲ್ಲರೂ ತಮ್ಮ ಹೆಸರಿಗಾಗಿ ಕಾಯುತ್ತಿರುತ್ತಾರೆ. ಮುಗಿದ ಮೇಲೆ ರಾಷ್ಟ್ರಗೀತೆ ಬೇರೆ. ಗಂಟೆ ಬಾರಿಸುವಂತಿಲ್ಲ, ಶಾಲು ಹೊದಿಸುವಂತಿಲ್ಲ. ನಮ್ಮ ಸಭೆಗಳಲ್ಲಿ ಯಾರೂ ಕೈ ಹಾಕದ ಜಾಗ ಅಂತ ಇದ್ದರೆ ಅದೊಂದೇ.

ಇದು ನನಗೆ ಹೊಳೆದದ್ದು ಚೀಟಿ ಕೈಗೆ ಬಂದಾಗ. ಚನ್ನವೀರಮ್ಮನ ಕಡೆ ಕೈ ಚಾಚಿದೆ. “ಏಳ್ರಿ. ಇಳಿಸೋಣು.”

ಮೈಕಿನ ಮುಂದೆ ನಿಂತು ಚೀಟಿ ಮಡಿಸಿ ಜೇಬಿಗೆ ಹಾಕಿದೆ. “ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ,” ಅಂದೆ. “ನನ್ನ ಪಾಲನ್ನು ಕುರುಗೋಡಿನ ಚನ್ನವೀರಮ್ಮನವರಿಗೆ ಕೊಡುತ್ತಿದ್ದೇನೆ. ಅವರು ವಂದಿಸಬೇಕಾದವರ ಹೆಸರು ಬೆಳಿಗ್ಗೆ ಬಾಕಿ ಉಳಿದಿದೆ.”

“ಮಾವ!” ಅಂತ ವಿಶ್ವಪ್ರಿಯ ಹಲ್ಲು ಕಚ್ಚಿ ಅಂದದ್ದು ಮೈಕಿಗೂ ಕೇಳಿತು. ಗಾದಿಲಿಂಗಪ್ಪನವರು, “ಇರ್ಲಿ ಬಿಡ್ರಿ ಸಾರ್, ಥ್ಯಾಂಕ್ಸ್ ಹೇಳ್ತಾಳಂತ,” ಅಂದು ತಮ್ಮ ಹೆಸರಿಗಾಗಿ ನೆಟ್ಟಗೆ ಕೂತರು.

ಚನ್ನವೀರಮ್ಮ ಹೆಗಲ ಮೇಲಿನ ಶಾಲು ತೆಗೆದು, ಮಡಿಸಿ, ವಿಶ್ವಪ್ರಿಯನ ಮುಂದಿನ ಮೇಜಿನ ಮೇಲಿಟ್ಟಳು. ಬಲಗಾಲು ಮುಂದಿಟ್ಟಳು. ಎಡಗಾಲು ಸುತ್ತಿದಳು. ಒಣಗಿದ ಗಂಟಲಿನಿಂದ ಮೊದಲು ಬಂದದ್ದು ಸ್ವರವಲ್ಲ, ಉಸಿರು. ಆಮೇಲೆ ಹೊಳೆಯ ಪ್ರಶ್ನೆ ಬಂತು. ಬಾಣಂತಿ ಉತ್ತರ ಕೊಟ್ಟಳು. ಒಂದೊಂದು ಹೆಸರಿಗೆ ಒಂದೊಂದು ಸುತ್ತು, ಹರಗೋಲು ಸರಿಯುತ್ತಾ ಸರಿಯುತ್ತಾ ದಂಡೆಗೆ ತಾಗಿತು. ಅವಳು ನಿಂತಳು. ದನಿ ಇಳಿಸಿದಳು.

ಕಟ್ಟಿದ ಹಾಡಲ್ಲ, ಕೊಟ್ಟ ಹಾಡವ್ವ ನಂದು
ಕೊಟ್ಟಾಕಿ ಕೆಂಚನಗುಡ್ಡದ ನೀಲಾವತಿ |
ನೀಲಾವತಿಗಿ ಕೊಟ್ಟಾಕಿ ರಾರಾವಿ ವಿರೂಪಮ್ಮ

ನೀಲಾವತಿಯ ಹೆಸರನ್ನು ಮೂರು ಸಲ ಹೇಳಿದಳು. ಹಾಡಿನ ಕ್ರಮದಲ್ಲಿ ಒಂದೇ ಸಲ. ಉಳಿದೆರಡು ಅವಳ ಸ್ವಂತದ್ದು. ಮೈಕು ಚೆನ್ನಾಗಿ ಕೆಲಸ ಮಾಡಿತು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವನಿಗೂ ಕೇಳಿರಬೇಕು, ಕಿಟಕಿಯಲ್ಲಿ ತಲೆ ಕಂಡಿತು. ಆಮೇಲೆ ಕೊನೆಯ ಹೆಸರಿನ ಸಾಲು ಬಂತು. ಅದನ್ನು ನಾನು ನೂರು ಸಲ ಕೇಳಿದ್ದೇನೆ, ಅವತ್ತಿನಷ್ಟು ಯಾವತ್ತೂ ಕೇಳಿರಲಿಲ್ಲ:

ವಿರೂಪಮ್ಮಗ ಕೊಟ್ಟಾಕಿ ಹೊಳಿದಂಡಿ ಹಾದ್ಯಾಗ
ಬುತ್ತಿ ಬಿಚ್ಚಿ ಕುಂತಿದ್ದ ಪರವೂರಾಕಿ |
ಹೆಸರ ಕೇಳಲಿಲ್ಲ, ತಪ್ಪ ನಮ್ಮದು ತಾಯಿ

ಇಷ್ಟೇ ವ್ಯತ್ಯಾಸ. ಹೆಸರು ಗೊತ್ತಿಲ್ಲದಿದ್ದಾಗ ಈ ಹೆಂಗಸರು ತಪ್ಪು ನಮ್ಮದು ಅಂತ ಎಷ್ಟೋ ತಲೆಮಾರಿನಿಂದ ಕ್ಷಮೆ ಕೇಳುತ್ತಾ ಬಂದಿದ್ದಾರೆ. ಗೊತ್ತಿದ್ದ ಹೆಸರನ್ನು ಅಳಿಸುವವನು ಅದಕ್ಕೆ ಲಕ್ಷಣ ಅನ್ನುತ್ತಾನೆ.

ಇನ್ನು ಉಳಿದದ್ದು ಕೇಳಿದವರ ಹೆಸರು. ಚನ್ನವೀರಮ್ಮ ವೇದಿಕೆಯ ಕಡೆ ತಿರುಗಿದಳು. ವಿಶ್ವಪ್ರಿಯ ಏನೇ ಆಗಲಿ ಸಭೆಯ ಮನುಷ್ಯ. ತನ್ನ ಸರದಿ ಬಂತು ಅಂತ ಎದ್ದು, ನಗು ತಂದುಕೊಂಡು, ಕೈ ಜೋಡಿಸಿ ನಿಂತ. ಗಾದಿಲಿಂಗಪ್ಪನವರೂ ಎದ್ದರು. ಅವಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಹಾಗೇ ಮುಂದಕ್ಕೆ ತಿರುಗಿದಳು.

“ಕೊನಿತನಕ ಕೇಳಿದಾಕಿ ನಾಗಲಕ್ಷ್ಮಿ. ಕೇಳಿದಾತ ಸೀತಾಬಾಯಿ ಮಗ ಸಂಕರ್ಷಣ.” ಸಭೆಯನ್ನೊಮ್ಮೆ ಕಣ್ಣಾಡಿಸಿ ನೋಡಿದಳು. “ಮತ್ಯಾರೂ ಇಲ್ಲ.”

ಇಬ್ಬರು ದೊಡ್ಡ ಮನುಷ್ಯರು ಕೈ ಜೋಡಿಸಿಕೊಂಡು ನಿಂತೇ ಇದ್ದರು. ಅಷ್ಟರಲ್ಲಿ ಯಾರೋ ರಾಷ್ಟ್ರಗೀತೆ ಹಚ್ಚಿದ್ದು ಅವರ ಪುಣ್ಯ, ನಿಂತದ್ದಕ್ಕೊಂದು ಕಾರಣ ಸಿಕ್ಕಿತು. ಅದು ಮುಗಿದ ಮೇಲೆ ನಾಗಲಕ್ಷ್ಮಿ ಲೋಟ ಹಿಡಿದು ವೇದಿಕೆ ಹತ್ತಿದಳು. ಚನ್ನವೀರಮ್ಮ ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಅಂದಳು.

ಪುಸ್ತಕ ಬಂದ ಮೇಲೆ ಕುರುಗೋಡಿಗೆ ಹೋಗಿ ತೋರಿಸಿದೆ. ‘ಅಜ್ಞಾತ’ ಎಂಬುದನ್ನು ಓದಿ ಹೇಳಿದೆ. ಅವಳು ಪುಟವನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, “ಪಾಪ, ಅವನ ಅವ್ವ ಯಾರಪ್ಪಾ?” ಅಂದಳು. ಹೇಳಿದೆ. “ಆಕಿಗರ ಗೊತ್ತೈತೇನು ಮಗ ಇಂಥಾವ ಅಂತ?” ಅಂದು ಅವರೆಕಾಯಿ ಬಿಡಿಸುವುದಕ್ಕೆ ಹತ್ತಿದಳು.

ಪ್ರಕಾಶಕರಿಗೆ ಎರಡು ಪತ್ರ ಬರೆದೆ. ಉತ್ತರವಿಲ್ಲ. ಈಗ ನನ್ನ ಪ್ರತಿಯಲ್ಲಿ ಆ ಶಬ್ದದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನೀಲಾವತಿ, ವಿರೂಪಮ್ಮ, ಹೆಸರು ಕೇಳದೆ ಬಿಟ್ಟ ಪರವೂರಾಕೆ ಅಂತ ಶಾಯಿಯಲ್ಲಿ ದುಂಡಗೆ ಬರೆದಿದ್ದೇನೆ. ಕಾಲೇಜಿನ ಗ್ರಂಥಾಲಯದಲ್ಲಿರುವ ಐದು ಪ್ರತಿಗಳಲ್ಲೂ ಬರೆದಾಯಿತು. ಅಲ್ಲಿಯ ಕಸ ಗುಡಿಸುವವಳೂ ನಾಗಲಕ್ಷ್ಮಿಯೇ. ಬೀರುವಿನ ಕೀಲಿ ಅವಳ ಸೆರಗಿನ ಗಂಟಿನಲ್ಲಿರುತ್ತದೆ.